ಹಳೇ ರೇಸ್ ಕಾರಿನ ಸ್ಟೇರಿಂಗ್: ಹೆರಾಲ್ಡ್ ರ‍್ಯಾಕ್, ಟೈ ರಾಡ್, ಸ್ಟೇರಿಂಗ್ ಆರ್ಮ್ ಎಲ್ಲಿ ಸಿಗುತ್ತೆ, ಹೇಗೆ ಹಾಕಬೇಕು?

ಶಿರಾಗೇಟ್ (ತುಮಕೂರು)

ಷೋಳಾವರಂ (ಮದ್ರಾಸ್ ಬಳಿಯ ಹಳೇ ರೇಸ್ ಟ್ರ್ಯಾಕ್) ಕಾಲದ ಸಿಂಗಲ್ ಸೀಟರ್, 1960ರ ದಶಕದ ಕೊನೆಯ ಮಾದರಿ. ಟ್ಯೂಬ್ ಚಾಸಿ, ಮುಂದೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಅಪ್‌ರೈಟ್ (ಚಕ್ರದ ಹಬ್ ಹಿಡಿದಿಡುವ ನಿಂತ ತುಂಡು), ಹೆರಾಲ್ಡ್ ಮಾದರಿಯ ರ‍್ಯಾಕ್, ಅದನ್ನು ಚಕ್ರದ ಸ್ಟೇರಿಂಗ್ ಆರ್ಮಿಗೆ ಸೇರಿಸುವ ಟೈ ರಾಡಿನ ಹೊರತುದಿಗೆ ರೋಸ್ ಜಾಯಿಂಟ್ (ಒಳಗೆ ಗುಂಡು ತಿರುಗುವ ರಾಡ್ ಎಂಡ್). ಸ್ಟೇರಿಂಗ್ ಚಕ್ರದ ಅಂಚಲ್ಲಿ ಅಳೆದರೆ 25 ಮಿ.ಮೀ. ಪ್ಲೇ (ಮುಂದಿನ ಚಕ್ರ ತಿರುಗದೆ ಖಾಲಿ ಆಡುವ ಸಡಿಲ) ಇದೆ. ನೇರ ಇದ್ದಾಗ ಸಡಿಲ, ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಬಿಗಿ. ಎಡಗಡೆ ಸ್ಟೇರಿಂಗ್ ಆರ್ಮಿನ ಕ್ರೋಮ್ ಎದ್ದಿದೆ, ಯಾವತ್ತೋ ಕಾಯಿಸಿ ಬಗ್ಗಿಸಿದ ಹಾಗೆ ನೀಲಿ ಛಾಯೆ ಕಾಣುತ್ತೆ. ಯಾವುದನ್ನು ಇಲ್ಲೇ ಮಾಡಿಸಬಹುದು, ಯಾವುದನ್ನು ಬೆಂಗಳೂರಲ್ಲಿ ಹುಡುಕಬೇಕು, ಯಾವುದನ್ನು ಹೊರದೇಶದಿಂದಲೇ ತರಿಸಬೇಕು ಅಂತ ತಿಳಿದವರು ಹೇಳಿ.

ಗೌರಿಬಿದನೂರು_ಚಾಸಿ

ಸರ್, ನೇರ ಇದ್ದಾಗ ಸಡಿಲ, ತುದಿಯಲ್ಲಿ ಬಿಗಿ ಅಂದರೆ ರ‍್ಯಾಕಿನ ನಡುವಿನ ಹಲ್ಲು ಸವೆದಿದೆ ಅಂತಲೇ ಅರ್ಥ. ಕಾರು ಓಡುವುದೆಲ್ಲ ನಡುವಿನ ಏಳೆಂಟು ಹಲ್ಲಿನ ಮೇಲೆ, ತುದಿಯ ಹಲ್ಲು ಹೊಸದರ ಹಾಗೇ ಉಳಿದಿರುತ್ತೆ. ಹಿಂದೆ ಯಾರೋ ನಡುವಿನ ಪ್ಲೇ ತೆಗೆಯೋಕೆ ಪ್ಲಂಜರ್ (ರ‍್ಯಾಕನ್ನು ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರಕ್ಕೆ ಒತ್ತುವ ತುಂಡು) ಶಿಮ್ (ತೆಳು ಬಿಲ್ಲೆ) ಕಮ್ಮಿ ಮಾಡಿದ್ದಾರೆ, ಅದಕ್ಕೇ ತುದಿ ಕಚ್ಚುತ್ತಿದೆ. ಹೀಗೆ ಕಚ್ಚುವ ರ‍್ಯಾಕ್ ಇರುವ ಕಾರು ತಿರುವಿನಿಂದ ಹೊರಗೆ ಬಂದಾಗ ತಾನಾಗಿ ನೇರಕ್ಕೆ ಮರಳುವುದಿಲ್ಲ. ರೇಸಿನಲ್ಲಿ ಅದು ಪ್ಲೇಗಿಂತ ಅಪಾಯ.

ಆದರೂ 25 ಮಿ.ಮೀ. ಪೂರ್ತಿ ರ‍್ಯಾಕಿನದೇ ಅಂತ ಬಿಚ್ಚಬೇಡಿ. ಮುಂದಿನ ಚಕ್ರ ಎರಡೂ ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗ್ ಚಕ್ರವನ್ನು ಎಡಬಲಕ್ಕೆ ಅಷ್ಟಷ್ಟೇ ಆಡಿಸುತ್ತಿರಲಿ, ಇನ್ನೊಬ್ಬರು ಪ್ರತಿ ಜಾಯಿಂಟಿನ ಎರಡು ಭಾಗಕ್ಕೂ ಸೇರಿಸಿ ಬೆರಳಿಟ್ಟು ನೋಡಲಿ. ಕಣ್ಣಿಗೆ ಕಾಣದ 0.2 ಮಿ.ಮೀ. ಬೆರಳಿಗೆ ಗೊತ್ತಾಗುತ್ತೆ. ಕ್ರಮವಾಗಿ ಹೋಗಿ: ಸ್ಟೇರಿಂಗ್ ಚಕ್ರದ ಹಬ್, ಕಾಲಂ ಬುಷ್, ಯೂನಿವರ್ಸಲ್ ಜಾಯಿಂಟ್, ಪಿನಿಯನ್ ಸ್ಪ್ಲೈನ್, ರ‍್ಯಾಕ್ ಕ್ಲಾಂಪ್, ಒಳಗಿನ ಬಾಲ್ ಜಾಯಿಂಟ್, ಹೊರಗಿನ ರೋಸ್ ಜಾಯಿಂಟ್, ಆರ್ಮಿನ ಬೋಲ್ಟ್, ಕೊನೆಗೆ ವೀಲ್ ಬೇರಿಂಗ್. ಕ್ಲಾಂಪನ್ನು ಎಲ್ಲರೂ ಮರೆಯುತ್ತಾರೆ. ಹೆರಾಲ್ಡ್ ರ‍್ಯಾಕ್ ಮೂಲದಲ್ಲಿ ಯು ಬೋಲ್ಟ್ ಮತ್ತು ರಬ್ಬರ್ ಬುಷ್ ಮೇಲೆ ಕೂರುತ್ತೆ. ಆ ರಬ್ಬರ್ ಎಣ್ಣೆ ಕುಡಿದು ಮೆತ್ತಗಾದರೆ ರ‍್ಯಾಕ್ ಮನೆಯೇ (ಹೊರಕವಚ) ಅಡ್ಡಡ್ಡ ಸರಿಯುತ್ತೆ.

ಕೆಜಿಎಫ್_ಟೆಸ್ಟಿಂಗ್

ಆ ಎಡಗಡೆ ಆರ್ಮ್ ಬಗ್ಗೆ ಮಾತ್ರ ಹೇಳುತ್ತೇನೆ. ಟೆಸ್ಟ್ ಮಾಡಿಸುವುದಕ್ಕೂ ಖರ್ಚು ಮಾಡಬೇಡಿ, ತೆಗೆದು ಪಕ್ಕಕ್ಕಿಡಿ. ಫೋರ್ಜಿಂಗ್ ಆದ ಆರ್ಮಿಗೆ ಬಲ ಬಂದಿರುವುದೇ ಹದ ಹಾಕಿದ್ದರಿಂದ. ಗ್ಯಾಸ್ ಟಾರ್ಚಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದ ಜಾಗದಲ್ಲಿ ಆ ಹದ ಹೋಗಿರುತ್ತೆ, ಅದರ ಪಕ್ಕದ ಅರ್ಧ ಕಾದ ಜಾಗದಲ್ಲಿ ಏನಾಗಿದೆ ಅಂತ ಹೊರಗಿನಿಂದ ಹೇಳೋಕೆ ಆಗುವುದಿಲ್ಲ. ಬಿರುಕು ಇಲ್ಲ ಅಂತ ರಿಪೋರ್ಟ್ ಬಂದರೂ ಬಲ ಇದೆ ಅಂತ ಅಲ್ಲ.

ಬಲಗಡೆ ಆರ್ಮ್ ಕಾಯಿಸಿದ್ದಲ್ಲ ಅನ್ನುವುದು ಖಾತ್ರಿಯಿದ್ದರೆ ಅದನ್ನು ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಗೆ (ಭಾಗವನ್ನು ಕಾಂತವಾಗಿಸಿ ಕಬ್ಬಿಣದ ಪುಡಿಯಿಂದ ಬಿರುಕು ಕಾಣಿಸುವುದು) ಕೊಡಿ. ಕೊಡುವ ಮುಂಚೆ ಕ್ರೋಮ್ ಪೂರ್ತಿ ತೆಗೆಸಿ, ಯಾಕೆಂದರೆ ಪದರ ದಪ್ಪಗಿದ್ದರೆ ಅದರ ಕೆಳಗಿನ ಸಣ್ಣ ಬಿರುಕು ಮರೆಯಾಗುತ್ತೆ, ಕ್ರೋಮಿನದೇ ಸೂಕ್ಷ್ಮ ಬಿರುಕುಗಳೂ ದಾರಿ ತಪ್ಪಿಸುತ್ತವೆ. ಎರಡು ದಿಕ್ಕಿನಲ್ಲೂ ಮ್ಯಾಗ್ನೆಟೈಸ್ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಕಾಂತಕ್ಷೇತ್ರದ ದಿಕ್ಕಿನಲ್ಲೇ ಓಡುವ ಬಿರುಕು ಪುಡಿಯನ್ನು ಎಳೆಯುವುದಿಲ್ಲ, ಅಡ್ಡ ಇರುವುದು ಮಾತ್ರ ಎಳೆಯುತ್ತೆ. ಟೇಪರ್ ತೂತಿನ ಅಂಚು, ಅಪ್‌ರೈಟಿಗೆ ಸೇರುವ ಬೋಲ್ಟ್ ತೂತು, ಆರ್ಮ್ ತಿರುಗುವ ಮೂಲೆ, ಈ ಮೂರು ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ ಕೊಡಿ. ಮುಗಿದ ಮೇಲೆ ಡೀಮ್ಯಾಗ್ನೆಟೈಸ್ ಮಾಡಿಸಿ, ಇಲ್ಲದಿದ್ದರೆ ಕಬ್ಬಿಣದ ಚೂರು ಜಾಯಿಂಟಿಗೆ ಅಂಟಿಕೊಂಡು ಅರೆಯುತ್ತೆ.

ರ‍್ಯಾಕ್ ಮನೆಯ ಅಲ್ಯೂಮಿನಿಯಂ ಭಾಗಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಡೈ ಪೆನೆಟ್ರಂಟ್ ಮನೆಯಲ್ಲೇ ಮಾಡಬಹುದು: ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ದ್ರವ ಹಾಕಿ 10ರಿಂದ 15 ನಿಮಿಷ ಬಿಟ್ಟು, ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ, ಡೆವಲಪರ್ ತೆಳ್ಳಗೆ ಸಿಂಪಡಿಸಿ. ಕ್ಲೀನರನ್ನು ನೇರ ಭಾಗದ ಮೇಲೇ ಹೊಡೆದರೆ ಬಿರುಕಿನ ಒಳಗಿನ ಬಣ್ಣವೂ ತೊಳೆದು ಹೋಗುತ್ತೆ.

ಇನ್ನೊಂದು. ಹೊಸ ಆರ್ಮಿಗೆ ಮತ್ತೆ ಕ್ರೋಮ್ ಹಾಕಿಸುವ ಆಸೆ ಬಿಡಿ. ಪ್ಲೇಟಿಂಗ್ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತೆ. ಭಾಗ ನೋಡೋಕೆ ಚೆನ್ನಾಗೇ ಇರುತ್ತೆ, ಹೊರೆ ಬಿದ್ದ ಮೇಲೆ ಒಂದು ದಿನ ಮುನ್ಸೂಚನೆ ಇಲ್ಲದೆ ಮುರಿಯುತ್ತೆ. ಹಾಕಿಸಲೇಬೇಕೆಂದರೆ ಪ್ಲೇಟಿಂಗ್ ಆದ ಕೂಡಲೇ 190ರಿಂದ 220 ಡಿಗ್ರಿಯಲ್ಲಿ ಕನಿಷ್ಠ 4 ತಾಸು ಬೇಕ್ ಮಾಡಿಸಬೇಕು. ಅದನ್ನು ನಿಂತು ಮಾಡಿಸಿಕೊಳ್ಳಲು ಆಗದಿದ್ದರೆ ಕಪ್ಪು ಬಣ್ಣ ಹೊಡೆದು ಬಿಡಿ. ಬಣ್ಣದ ಇನ್ನೊಂದು ಉಪಕಾರ, ಬಿರುಕು ಬಂದರೆ ಅದೂ ಸೀಳಿ ತೋರಿಸುತ್ತೆ.

ಅಂತರಸನಹಳ್ಳಿ_ಲೇತ್ (ತುಮಕೂರು)

ಆರ್ಮ್ ಇಲ್ಲೇ ಮಾಡಬಹುದು. ಇಎನ್ 24 ಉಕ್ಕು, ಟಿ ಹದದಲ್ಲೇ ಕೊಳ್ಳಿ (ಎಳೆತದ ಬಲ 850ರಿಂದ 1000 ಎಂಪಿಎ), ಮಿಲ್ ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ತಗೋಬೇಡಿ. ಆ ಹದದಲ್ಲಿ ಮಿಲ್ಲಿಂಗ್ ಆಗುತ್ತೆ, ಮತ್ತೆ ಹೀಟ್ ಟ್ರೀಟ್‌ಮೆಂಟ್ ಬೇಡ. ಪ್ಲೇಟನ್ನು ಗ್ಯಾಸಲ್ಲಿ ಕತ್ತರಿಸಬೇಡಿ, ಬ್ಯಾಂಡ್‌ಸಾ ಸಾಕು. ಒಳಮೂಲೆ ಎಲ್ಲೂ ಚೂಪಾಗಿರಬಾರದು, 5 ಮಿ.ಮೀ. ರೇಡಿಯಸ್ ಆದರೂ ಇರಲಿ. ಟೂಲ್ ಗೆರೆಗಳನ್ನು ಆರ್ಮಿನ ಉದ್ದಕ್ಕೆ ಎಮರಿ ಹೊಡೆದು ತೆಗೀರಿ, ಅಡ್ಡ ಗೆರೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತೆ. ಇಎನ್ 24ಕ್ಕೆ ವೆಲ್ಡಿಂಗ್ ಮಾತ್ರ ಬೇಡ.

ಟೇಪರ್ ತೂತು ಇರುವ ಆರ್ಮ್ ಆದರೆ ಬಾಲ್ ಜಾಯಿಂಟ್ ಕೈಯಲ್ಲಿಟ್ಟುಕೊಂಡೇ ರೀಮರ್ ಹಿಡೀರಿ. ಸ್ಟಡ್ 1:8 ಟೇಪರಲ್ಲೂ ಬರುತ್ತೆ, 1:10ರಲ್ಲೂ ಬರುತ್ತೆ. ಒಂದು 7 ಡಿಗ್ರಿ ಚಿಲ್ಲರೆ, ಇನ್ನೊಂದು 5.7. ತಪ್ಪು ಜೋಡಿಯೂ ನಟ್ ಬಿಗಿದಾಗ ಕೂತ ಹಾಗೇ ಅನಿಸುತ್ತೆ, ಆದರೆ ಹಿಡಿತ ಇರುವುದು ಒಂದೇ ಉಂಗುರದಷ್ಟು ಜಾಗದಲ್ಲಿ. ಸ್ಟಡ್ ಅಲ್ಲಾಡಿ ಅಲ್ಲಾಡಿ ತೂತು ಮೊಟ್ಟೆ ಆಕಾರ ಆಗುತ್ತೆ, ಆಮೇಲೆ ಸ್ಟಡ್ಡೇ ಮುರಿಯುತ್ತೆ. ಪ್ರಶ್ಯನ್ ಬ್ಲೂ ತೆಳ್ಳಗೆ ಸವರಿ ಒತ್ತಿ ನೋಡಿ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀಲಿ ಹತ್ತಬೇಕು. ಕ್ಯಾಸಲ್ ನಟ್ಟಿನ ತೂತು ಕೂಡದಿದ್ದರೆ ಮುಂದಕ್ಕೆ ಬಿಗಿದು ಕೂಡಿಸಿ, ಹಿಂದಕ್ಕೆ ಸಡಿಲಿಸಿ ಸ್ಪ್ಲಿಟ್ ಪಿನ್ ಹಾಕಬೇಡಿ.

ಹೆದ್ದಾರಿ48

ಇಷ್ಟೆಲ್ಲ ಯಾಕೆ? ಮಾರುತಿ 800ರ ರ‍್ಯಾಕ್ ಹೊಸದೇ ಸಿಗುತ್ತಲ್ಲ, ಅದನ್ನೇ ಕಟ್ ಮಾಡಿ ಹಾಕಿದರೆ ಆಗಲ್ವಾ?

ಗೌರಿಬಿದನೂರು_ಚಾಸಿ

ಕತ್ತರಿಸಿ ವೆಲ್ಡ್ ಮಾಡಿದ ರ‍್ಯಾಕ್ ಯಾವ ಸ್ಕ್ರೂಟಿನಿಯರ್ (ರೇಸಿಗೆ ಮುಂಚೆ ಕಾರು ಪರೀಕ್ಷಿಸುವವರು) ಮುಂದೆಯೂ ಇಡಬೇಡಿ. ಹಲ್ಲಿಗೆ ಗಟ್ಟಿ ಹದ ಹಾಕಿರುತ್ತಾರೆ, ವೆಲ್ಡಿಂಗಿನ ಪಕ್ಕದಲ್ಲಿ ಅದು ಪೆಡಸಾಗುತ್ತೆ.

ಕತ್ತರಿಸದೆ ಹಾಕುವುದಾದರೂ ನಾಲ್ಕು ಅಳತೆ ಕೂಡಬೇಕು. ಮೊದಲನೆಯದು ಒಳಗಿನ ಬಾಲ್ ಜಾಯಿಂಟುಗಳ ನಡುವಿನ ದೂರ. ಇದನ್ನು ನಿರ್ಧರಿಸುವುದು ನಿಮ್ಮ ವಿಶ್‌ಬೋನ್ (ಸಸ್ಪೆನ್ಷನ್ ತೋಳು), ನಿಮ್ಮ ಇಷ್ಟ ಅಲ್ಲ. ಎರಡನೆಯದು ಪಿನಿಯನ್ ಎಲ್ಲಿ ಕೂರುತ್ತೆ ಅನ್ನುವುದು. ಮೂರನೆಯದು ದಿಕ್ಕು: ಆಕ್ಸಲಿನ ಹಿಂದೆ ಕೂರುವ ರ‍್ಯಾಕನ್ನು ಹಾಗೇ ತಂದು ಮುಂದೆ ಕೂರಿಸಿದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗ ಚಕ್ರ ಬಲಕ್ಕೆ ಹೋಗುತ್ತೆ. ತಲೆಕೆಳಗು ಮಾಡಿದರೆ ದಿಕ್ಕು ಸರಿಯಾಗುತ್ತೆ, ಆದರೆ ಪಿನಿಯನ್ ಇನ್ನೊಂದು ಬದಿಗೆ ಹೋಗುತ್ತೆ. ನಾಲ್ಕನೆಯದು ಪಿನಿಯನ್ ಒಂದು ಸುತ್ತಿಗೆ ರ‍್ಯಾಕ್ ಎಷ್ಟು ಸರಿಯುತ್ತೆ. ಬೆಂಚಿನ ಮೇಲೆ ಪಿನಿಯನ್ ಒಂದು ಸುತ್ತು ತಿರುಗಿಸಿ ವರ್ನಿಯರಲ್ಲಿ ಅಳೆಯಿರಿ. ಆರ್ಮ್ 100 ಮಿ.ಮೀ. ಉದ್ದ ಇದ್ದರೆ ಚಕ್ರ 20 ಡಿಗ್ರಿ ತಿರುಗೋಕೆ ರ‍್ಯಾಕ್ ಸುಮಾರು 34 ಮಿ.ಮೀ. ಸರಿಯಬೇಕು. ಸುತ್ತಿಗೆ 42 ಮಿ.ಮೀ. ಸರಿಯುವ ರ‍್ಯಾಕಾದರೆ ಮುಕ್ಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ಸಾಕು. ಸಿಂಗಲ್ ಸೀಟರಲ್ಲಿ ಕೈ ಬದಲಿಸದೆ ತಿರುಗಿಸಬೇಕಲ್ಲ, ಅದಕ್ಕೆ ಈ ಲೆಕ್ಕ ಮೊದಲು.

ಫಿಯಾದ (ಮೋಟಾರ್ ಕ್ರೀಡೆಯ ಅಂತಾರಾಷ್ಟ್ರೀಯ ಸಂಸ್ಥೆ) ಐತಿಹಾಸಿಕ ಕಾರುಗಳ ನಿಯಮ, ಅಂದರೆ ಅಪೆಂಡಿಕ್ಸ್ ಕೆ ಪ್ರಕಾರ ಓಡಿಸುವ ಉದ್ದೇಶ ಇದ್ದರೆ ಆ ಕಾಲದಲ್ಲಿ ಆ ಕಾರಿಗೆ ಇದ್ದ ರಚನೆಯೇ ಇರಬೇಕು. ಮಾರುತಿ ರ‍್ಯಾಕ್ ಹಾಕಿದ ಕಾರು ಅಲ್ಲಿ ನಿಲ್ಲುವುದಿಲ್ಲ.

ಕೋಲಾರ_1100

ಸಿಗುವ ಜಾಗದ ವಿಷಯ. ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಿಂದ ಮದ್ರಾಸಲ್ಲಿ ತಯಾರಾದ ಕಾರು, ಆದ್ದರಿಂದ ಹಳೇ ಸ್ಟಾಕ್ ಇನ್ನೂ ಅಲ್ಲಲ್ಲಿ ಹೊರಬರುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಕಾರಿನ ಹೆಸರು ಹೇಳಿ ಕೇಳುವ ಬದಲು ಭಾಗವನ್ನೇ ಮುಂದಿಟ್ಟು ಕೇಳಿ. ಡಬ್ಬಿ ಹಳೇದು ಅಂತ ಒಳಗಿನ ಸರಕನ್ನು ನಂಬಬೇಡಿ. ನಲವತ್ತು ಐವತ್ತು ವರ್ಷ ಡಬ್ಬಿಯಲ್ಲಿದ್ದ ರಬ್ಬರ್ ಬೂಟು ಒಂದೇ ತಿಂಗಳಲ್ಲಿ ಸೀಳುತ್ತೆ, ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿರುತ್ತೆ. ಬಾಲ್ ಜಾಯಿಂಟ್ ಆದರೆ ಸ್ಟಡ್ಡನ್ನು ಕೈಯಲ್ಲಿ ತಿರುಗಿಸಿ, ಒಂದೇ ಸಮನೆ ಬಿಗಿಯಾಗಿ ತಿರುಗಬೇಕು. ಒಂದು ಜಾಗದಲ್ಲಿ ತಡೆದರೆ ಒಳಗೆ ತುಕ್ಕು ಹಿಡಿದಿದೆ.

ಶಿವಾಜಿನಗರದ ಗುಜರಿಯಲ್ಲಿ ರ‍್ಯಾಕ್ ಮನೆ, ಕ್ಲಾಂಪ್, ಕಾಲಂ ತರಬಹುದು. ರ‍್ಯಾಕ್ ಬಾರ್, ಆರ್ಮ್, ಟೈ ರಾಡ್ ಅಲ್ಲಿಂದ ಬೇಡ, ಅಪಘಾತದ ಗಾಡಿಯದ್ದೋ ಅಲ್ಲವೋ ಗೊತ್ತಾಗುವುದಿಲ್ಲ. ತರಲೇಬೇಕಾದರೆ ರ‍್ಯಾಕ್ ಬಾರನ್ನು ವಿ ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿ. ಬಾಗಿದ್ದರೆ ನೇರ ಮಾಡಿಸದೆ ವಾಪಸ್ ಕೊಡಿ.

ಹೊರದೇಶದಿಂದ ಹೊಸ ರ‍್ಯಾಕ್, ಹೊಸ ಬಾರ್ ಮತ್ತು ಪಿನಿಯನ್ ಸೆಟ್ ತರಿಸುವಾಗ ಇನ್‌ವಾಯ್ಸಲ್ಲಿ ಭಾಗದ ಸಂಖ್ಯೆ, ಹೊಸದು ಎಂಬ ಮಾತು, 8708 94 ಎಂಬ ಕಸ್ಟಮ್ಸ್ ಶೀರ್ಷಿಕೆ ಸ್ಪಷ್ಟವಾಗಿರಲಿ. ಸ್ಟೇರಿಂಗ್ ಚಕ್ರ, ಕಾಲಂ, ಬಾಕ್ಸ್, ಅವುಗಳ ಬಿಡಿಭಾಗ ಎಲ್ಲ ಅದರಡಿ ಬರುತ್ತವೆ. ಬಳಸಿದ ಬಿಡಿಭಾಗದ ಆಮದು ನಿರ್ಬಂಧಿತ, ಅನುಮತಿ ಬೇಕು. ಅಗ್ಗ ಅಂತ ಬಳಸಿದ ರ‍್ಯಾಕನ್ನು ಕೊರಿಯರಲ್ಲಿ ಕಳಿಸಿಕೊಂಡರೆ ಕಸ್ಟಮ್ಸಲ್ಲೇ ಕೂರುತ್ತೆ.

ರೋಸ್ ಜಾಯಿಂಟಿಗೆ ಮಾತ್ರ ದುಡ್ಡು ಉಳಿಸಬೇಡಿ. ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುವ ನ್ಯೂಮ್ಯಾಟಿಕ್ ಸಿಲಿಂಡರಿನ ರಾಡ್ ಎಂಡ್ ನೋಡೋಕೆ ಹಾಗೇ ಇರುತ್ತೆ, ಆದರೆ ಮೈಲ್ಡ್ ಸ್ಟೀಲ್ ಒಡಲು, ಹೊಡೆತ ತಡೆಯೋಕೆ ಮಾಡಿದ್ದಲ್ಲ. ರೇಸಿಗೆ ಕ್ರೋಮ್ ಮಾಲಿ ಒಡಲು, ಟೆಫ್ಲಾನ್ ಲೈನರ್ ಇರುವುದು ಬೇಕು. ಟೆಫ್ಲಾನ್ ಲೈನರ್ ಇರುವುದಕ್ಕೆ ಗ್ರೀಸಾಗಲಿ ಎಣ್ಣೆಯಾಗಲಿ ಹಾಕಬೇಡಿ, ಧೂಳು ಅಂಟಿ ಲೈನರನ್ನೇ ತಿನ್ನುತ್ತೆ.

ಅಂತರಸನಹಳ್ಳಿ_ಲೇತ್

ರೋಸ್ ಜಾಯಿಂಟ್ ಮಾತು ಬಂತಲ್ಲ, ಥ್ರೆಡ್ ಬಗ್ಗೆ ದಯವಿಟ್ಟು ಎಲ್ಲರೂ ಓದಿ. ಇಂಗ್ಲೆಂಡಿನ ಕಾರು ಯುಎನ್‌ಎಫ್ (ಇಂಚಿನ ಅಳತೆಯ ಫೈನ್ ಥ್ರೆಡ್), ನಮ್ಮಲ್ಲಿ ಸಿಗುವುದು ಮೆಟ್ರಿಕ್. 7/16 ಇಂಚು ಯುಎನ್‌ಎಫ್ ಅಂದರೆ 11.11 ಮಿ.ಮೀ., ಇಂಚಿಗೆ 20 ಥ್ರೆಡ್, ಪಿಚ್ (ಎರಡು ಥ್ರೆಡ್ ನಡುವಿನ ದೂರ) 1.27 ಮಿ.ಮೀ. ಎಂ 12 ಫೈನ್ ಪಿಚ್ 1.25. ಪಿಚ್ ಇಷ್ಟು ಹತ್ತಿರ ಇರುವುದರಿಂದ 7/16ರ ರಾಡ್ ಎಂಡ್ ಎಂ 12 ತೂತಿಗೆ ಕೊನೆತನಕ ಸಲೀಸಾಗಿ ಹೋಗುತ್ತೆ. ಚೆಕ್ ನಟ್ ಬಿಗಿದರೆ ಆಟವೂ ಗೊತ್ತಾಗುವುದಿಲ್ಲ. ಆದರೆ ಥ್ರೆಡ್ ಒಂದಕ್ಕೊಂದು ಹಿಡಿದಿರುವುದು ಮೂರನೇ ಒಂದು ಭಾಗದಷ್ಟು ಆಳ ಮಾತ್ರ. ಒಂದು ಕರ್ಬ್ ಹೊಡೆತಕ್ಕೆ ಕಿತ್ತು ಬರುತ್ತೆ. ಎಂ 12 ಗಂಡು, 1/2 ಇಂಚು ಹೆಣ್ಣು, ಇದೂ ಇದೇ ಕಥೆ, ಅರ್ಧ ಹಿಡಿತ. ಥ್ರೆಡ್ ಗೇಜ್ ಹಚ್ಚುವುದರ ಜೊತೆ ಹೊರವ್ಯಾಸವನ್ನೂ ಮೈಕ್ರೋಮೀಟರಲ್ಲಿ ನೋಡಿ, ಗೇಜ್ ಒಂದೇ ನಂಬಿದರೆ ಇಲ್ಲಿ ಮೋಸ ಹೋಗ್ತೀರಿ.

ರಾಡ್ ಎಂಡ್ ಒಳಗೆ ಹೋಗಿರುವುದು ವ್ಯಾಸದ ಒಂದೂವರೆ ಪಟ್ಟಾದರೂ ಇರಬೇಕು. 3/8ಕ್ಕೆ 14 ಮಿ.ಮೀ. ಆ ಆಳದಲ್ಲಿ ಟೈ ರಾಡಿಗೆ 2 ಮಿ.ಮೀ. ತೂತು ಕೊರೆದಿಡಿ. ತಂತಿ ತೂರಿಸಿದಾಗ ಥ್ರೆಡ್ ತಗುಲಬೇಕು, ತೂರಿ ಹೋದರೆ ಸಾಲದು ಅಂತ.

ಟೈ ರಾಡಿಗೆ 10 ಮಿ.ಮೀ. ಗಟ್ಟಿ ಸರಳಿಗಿಂತ 16 ಮಿ.ಮೀ. ಹೊರವ್ಯಾಸ, 2 ಮಿ.ಮೀ. ಗೋಡೆಯ ಸೀಮ್‌ಲೆಸ್ ಟ್ಯೂಬ್ ಒಳ್ಳೇದು. ತೂಕ ಹೆಚ್ಚುಕಮ್ಮಿ ಒಂದೇ, ಬಾಗುವುದಕ್ಕೆ ತಡೆ ನಾಲ್ಕೂವರೆ ಪಟ್ಟು.

ಶಿರಾಗೇಟ್

ತುಂಬ ಉಪಕಾರ. ರ‍್ಯಾಕ್ ಹೊಸ ಬಾರ್, ಪಿನಿಯನ್ ಹಾಕಿ ಕೂಡಿಸುವ ಕ್ರಮ ಯಾರಾದರೂ ಬರೆಯಿರಿ.

ಗೌರಿಬಿದನೂರು_ಚಾಸಿ

ಬಿಚ್ಚುವ ಮುಂಚೆ ಲಾಕಿನಿಂದ ಲಾಕಿಗೆ (ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ) ಪಿನಿಯನ್ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ, ನಡುವನ್ನು ಮನೆ ಮೇಲೂ ಪಿನಿಯನ್ ಮೇಲೂ ಗುರುತು ಮಾಡಿ. ಬೂಟು ತೆಗೆದು, ಟೈ ರಾಡ್ ಬಿಚ್ಚಿ, ಪ್ಲಂಜರ್ ಕ್ಯಾಪ್, ಶಿಮ್, ಸ್ಪ್ರಿಂಗ್, ಪ್ಲಂಜರ್ ಹೊರಗೆ. ಆಮೇಲೆ ಪಿನಿಯನ್, ಅದರ ಶಿಮ್ ಮತ್ತು ವಾಷರ್ ಇದ್ದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ. ಕೊನೆಗೆ ಬಾರ್. ಬಾರನ್ನು ಪಿನಿಯನ್ ಇರುವ ಕಡೆಯಿಂದಲೇ ಎಳೆಯಿರಿ, ಎದುರು ಕಡೆಯಿಂದ ಎಳೆದರೆ ಹಲ್ಲು ಬುಷ್ಷನ್ನು ಗೀರುತ್ತೆ. ದೂರದ ತುದಿಯ ಆ ಬುಷ್ ಹೇಗೂ ಬದಲಿಸಿ. ಅದು ಸವೆದರೆ ಬಾರ್ ಮೇಲೆ ಕೆಳಗೆ ಆಡುತ್ತೆ, ಎಷ್ಟು ಶಿಮ್ ಹಾಕಿದರೂ ಆ ಆಟ ಹೋಗುವುದಿಲ್ಲ.

ಕೂಡಿಸುವಾಗ ಮೊದಲು ಪಿನಿಯನ್ ಉದ್ದದ ಆಟವನ್ನು ಶಿಮ್ಮಲ್ಲಿ ತೆಗೆಯಿರಿ. ಕೈಯಲ್ಲಿ ಎಳೆದರೆ ಆಟ ಇರಬಾರದು, ತಿರುಗಿಸಿದರೆ ತಡೆಯೂ ಇರಬಾರದು. ಆಮೇಲೆ ಪ್ಲಂಜರ್. ಸ್ಪ್ರಿಂಗೂ ಶಿಮ್ಮೂ ಇಲ್ಲದೆ ಪ್ಲಂಜರ್ ಮತ್ತು ಕ್ಯಾಪ್ ಹಾಕಿ, ಬಾರಿನ ಆಟ ಹೋಗುವ ತನಕ ಮಾತ್ರ ಬಿಗಿಯಿರಿ. ಕ್ಯಾಪಿಗೂ ಮನೆಗೂ ನಡುವಿನ ಸಂದನ್ನು ಫೀಲರ್ ಗೇಜಲ್ಲಿ ಅಳೆಯಿರಿ. ಆ ಅಳತೆಗೆ 0.1 ಮಿ.ಮೀ. ಸೇರಿಸಿದರೆ ನಿಮಗೆ ಬೇಕಾದ ಶಿಮ್ ದಪ್ಪ. ಸಂದು 0.65 ಬಂದರೆ ಶಿಮ್ 0.75. ಅಳೆಯುವುದು ನಡುವಿನಲ್ಲಿ, ಆದರೆ ಪೂರ್ತಿ ಕೂಡಿಸಿದ ಮೇಲೆ ಲಾಕಿನಿಂದ ಲಾಕಿಗೆ ತಿರುಗಿಸಿ ಎಲ್ಲೂ ಬಿಗಿ ಇಲ್ಲ ಅಂತ ನೋಡಲೇಬೇಕು. ಹೊಸ ಬಾರಿಗೆ ಹಳೇ ಪಿನಿಯನ್ ಹಾಕಿ ದುಡ್ಡು ಉಳಿಸುವವರು ಇದ್ದಾರೆ, ಬೇಡ, ಹಳೇ ಹಲ್ಲು ಹೊಸ ಹಲ್ಲನ್ನು ತನ್ನ ಆಕಾರಕ್ಕೆ ಅರೆಯುತ್ತೆ.

ಹೆರಾಲ್ಡ್ ರ‍್ಯಾಕಿಗೆ ಗ್ರೀಸ್. ಮಾರಿಸ್ ಮೈನರ್, ಮಿನಿ ರ‍್ಯಾಕಿಗೆ ಎಣ್ಣೆ, ಇಪಿ 90 ಎಂಬ ಗೇರ್ ಎಣ್ಣೆ. ಎಣ್ಣೆಯ ರ‍್ಯಾಕಿಗೆ ಗ್ರೀಸ್ ತುಂಬಿದರೆ ಅದು ಹಲ್ಲಿನಿಂದ ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲುತ್ತೆ, ವಾಪಸ್ ಹರಿದು ಬರುವುದಿಲ್ಲ.

ರಬ್ಬರ್ ಬದಲು ಅಲ್ಯೂಮಿನಿಯಂ ಕ್ಲಾಂಪ್ ಹಾಕುತ್ತೀರಾದರೆ ಚಾಸಿಯ ಎರಡು ಕೂರುವ ಜಾಗ ಒಂದೇ ಮಟ್ಟದಲ್ಲಿರಬೇಕು. ಕ್ಲಾಂಪ್ ಬಿಗಿಯುವ ಮುಂಚೆ ಪಿನಿಯನ್ ತಿರುಗಿಸಿ ನೋಡಿ, ಬಿಗಿದ ಮೇಲೆ ನೋಡಿ. ವ್ಯತ್ಯಾಸ ಗೊತ್ತಾದರೆ ರ‍್ಯಾಕ್ ಮನೆ ಬಾಗುತ್ತಿದೆ, ಕೆಳಗೆ ಶಿಮ್ ಇಡಿ.

ಕೆಜಿಎಫ್_ಟೆಸ್ಟಿಂಗ್

ಅಪ್‌ರೈಟ್ ಹೆರಾಲ್ಡಿನದು ಅಂದಿರಿ. ಕೆಳಗಿನ ಟ್ರನಿಯನ್ (ಅಪ್‌ರೈಟಿನ ಬುಡ ತಿರುಗಿಸಿ ಕೂರಿಸುವ ತುಂಡು) ಥ್ರೆಡ್ ನೋಡಿದಿರಾ? ಸ್ಟೇರಿಂಗ್ ತಿರುಗುವಾಗ ಅಪ್‌ರೈಟ್ ತಿರುಗುವುದೇ ಆ ಥ್ರೆಡ್ ಮೇಲೆ. ಅದಕ್ಕೆ ಇಪಿ 90 ಎಣ್ಣೆ ಬೇಕು, ಗ್ರೀಸ್ ಅಲ್ಲ. ನಿಪ್ಪಲ್ ಇದೆ ಅಂತ ಗ್ರೀಸ್ ಗನ್ ಹಚ್ಚಿದವರ ಕಾರಲ್ಲಿ ಕೆಳಗಿನ ಥ್ರೆಡ್ಡಿಗೆ ಏನೂ ತಲುಪದೆ ನೀರು ನಿಂತು, ತುಕ್ಕಿನ ಗುಳಿಯಿಂದ ಬಿರುಕು ಹೊರಡುತ್ತೆ, ಅಪ್‌ರೈಟ್ ಬುಡದಲ್ಲಿ ಮುರಿದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ. ಬಲಗಡೆ ಆರ್ಮ್ ಪರೀಕ್ಷೆಗೆ ಕಳಿಸುವಾಗ ಎರಡೂ ಅಪ್‌ರೈಟ್ ಜೊತೆಗೇ ಕಳಿಸಿ, ಥ್ರೆಡ್ ಶುರುವಾಗುವ ಜಾಗ ಮುಖ್ಯ. ಎಡಬಲದ ಥ್ರೆಡ್ ವಿರುದ್ಧ ದಿಕ್ಕು, ಟ್ರನಿಯನ್ ಅದಲುಬದಲಾಗಬಾರದು. ಪೂರ್ತಿ ತಿರುಗಿಸಿ ಕೂರಿಸಿ, ಲಾಕಿಗೆ ಬೇಕಾದಷ್ಟು ಮಾತ್ರ, ಒಂದು ಸುತ್ತಿನ ಒಳಗೆ, ಹಿಂದಕ್ಕೆ ತನ್ನಿ.

ಕೋಲಾರ_1100

ಕಾಲಂ ಬಗ್ಗೆ ಯಾರೂ ಹೇಳಲಿಲ್ಲ. ಹೆರಾಲ್ಡ್ ಪಿನಿಯನ್ ಸ್ಪ್ಲೈನ್ 9/16 ಇಂಚು, 36 ಹಲ್ಲು. ಜಾಯಿಂಟ್ ತರಿಸುವ ಮುಂಚೆ ಒಂದು ಹಲ್ಲಿಗೆ ಬಣ್ಣ ಹಚ್ಚಿ ನೀವೇ ಎಣಿಸಿ, ಯಾರೋ ಪಿನಿಯನ್ ಬದಲಿಸಿರಬಹುದು. ಪಿಂಚ್ ಬೋಲ್ಟ್ ಸ್ಪ್ಲೈನಿನ ತೋಡಿನಲ್ಲಿ ಹಾದು ಹೋಗಬೇಕು. ಆಗ ಬೋಲ್ಟ್ ಸಡಿಲವಾದರೂ ಜಾಯಿಂಟ್ ಜಾರಿ ಬರುವುದಿಲ್ಲ. ತೋಡಿಗೆ ತಾಗದೆ ಬರೀ ಬಿಗಿದ ಬೋಲ್ಟಿಗೆ ಆ ಭರವಸೆ ಇಲ್ಲ.

ಒಂದೇ ಯೂನಿವರ್ಸಲ್ ಜಾಯಿಂಟ್ 30 ಡಿಗ್ರಿಯಲ್ಲಿ ಕೆಲಸ ಮಾಡಿದರೆ ಪ್ರತಿ ಸುತ್ತಲ್ಲಿ ಸ್ಟೇರಿಂಗ್ ವೇಗ ಶೇ. 15ರಷ್ಟು ಏರಿಳಿಯುತ್ತೆ. 20 ಡಿಗ್ರಿಗೆ ಇಳಿಸಿದರೆ ಶೇ. 6. ಎರಡು ಜಾಯಿಂಟ್ ಹಾಕಿ, ಎರಡೂ ಕೋನ ಸಮ ಇಟ್ಟು, ನಡುವಿನ ಶಾಫ್ಟಿನ ಎರಡು ಯೋಕ್ (ಕವಲು ತುದಿ) ಒಂದೇ ಸಾಲಿನಲ್ಲಿ ಕೂರಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗುತ್ತೆ. ಒಂದು ಹಲ್ಲು ಆಚೀಚೆ ಆದರೆ ಪರವಾಗಿಲ್ಲ, 90 ಡಿಗ್ರಿ ತಪ್ಪಿದರೆ ಏರಿಳಿತ ಎರಡುಪಟ್ಟು. ಮಿಕ್ಕಿದ್ದೇನೇ ಇರಲಿ, ನೇರ ಒಂದೇ ಸರಳಿನ ಕಾಲಂ ಇದ್ದರೆ ಬದಲಿಸಿ. ಮುಂದೆ ಹೊಡೆದಾಗ ಅದು ಡ್ರೈವರ್ ಎದೆಗೆ ಬರುತ್ತೆ.

ಮಾಲೂರು_ಪದ್ಮಿನಿ

ಅಣ್ಣ, ಫಿಯಟ್ 1100 ರೇಸ್ ಸಲೂನಿಗೂ ಇದೇ ಕ್ರಮವಾ? ಬಾಕ್ಸ್ ಅಡ್ಜಸ್ಟ್ ಮಾಡಿದರೂ ಪ್ಲೇ ಹೋಗುತ್ತಿಲ್ಲ.

ಕೋಲಾರ_1100

ಅದು ವರ್ಮ್ ಅಂಡ್ ರೋಲರ್ ಬಾಕ್ಸ್, ಲೆಕ್ಕ ಬೇರೆ. ಮೊದಲು ಐಡ್ಲರ್ ಆರ್ಮ್ (ಬಾಕ್ಸಿನ ಎದುರು ಬದಿಯ ಆಧಾರದ ತೋಳು) ಬುಷ್ ನೋಡಪ್ಪ, ಫಿಯಟಲ್ಲಿ ಪ್ಲೇ ಹೆಚ್ಚಾಗಿ ಅಲ್ಲೇ. ಆಮೇಲೆ ಕಿಂಗ್ ಪಿನ್ (ಸ್ಟೇರಿಂಗಿಗೆ ಚಕ್ರ ತಿರುಗುವ ಪಿನ್) ಬುಷ್, ಬಾಕ್ಸ್ ಕೂರುವ ಬೋಲ್ಟ್, ಬೋಲ್ಟ್ ಸುತ್ತಲಿನ ತಗಡಿನ ಬಿರುಕು. ಬಾಕ್ಸಿನ ಸರದಿ ಕೊನೆಗೆ. ಅದರಲ್ಲೂ ಮೊದಲು ವರ್ಮ್ ಬೇರಿಂಗಿನ ಆಟವನ್ನು ಮುಚ್ಚಳದ ಶಿಮ್ಮಲ್ಲಿ ತೆಗೆದು, ಆಮೇಲೆ ಮೇಲಿನ ಸ್ಕ್ರೂ. ಸ್ಕ್ರೂ ಮುಟ್ಟುವುದು ಚಕ್ರ ನೇರ ಇದ್ದಾಗ ಮಾತ್ರ, ರೋಲರ್ ವರ್ಮಿಗೆ ತೀರಾ ಹತ್ತಿರ ಇರುವುದು ಆಗಲೇ. ಒಂದು ಪಕ್ಕಕ್ಕೆ ತಿರುಗಿಸಿಟ್ಟು ಪ್ಲೇ ತೆಗೆದರೆ ನಡುವಿಗೆ ಬಂದಾಗ ರೋಲರ್ ಜಾಮ್ ಆಗಿ ಮೈ ಕಿತ್ತುಕೊಳ್ಳುತ್ತೆ. ಕಿಂಗ್ ಪಿನ್ ಬುಷ್ ರೀಮಿಂಗ್ ಮೇಲಿನದು ಕೆಳಗಿನದು ಬೇರೆ ಬೇರೆ ಮಾಡಿಸಬೇಡ, ಎರಡನ್ನೂ ಒಂದೇ ಉದ್ದ ಪೈಲಟ್ ರೀಮರಲ್ಲಿ ಒಟ್ಟಿಗೆ ತೆಗೆಸು. ಎಣ್ಣೆ ಹಚ್ಚಿದ ಪಿನ್ ಹೆಬ್ಬೆರಳಲ್ಲಿ ಒತ್ತಿದರೆ ಹೋಗಬೇಕು, ತಾನಾಗಿ ಜಾರಬಾರದು.

ಶಿರಾಗೇಟ್

ಎಲ್ಲ ಕೂಡಿಸಿದ ಮೇಲೆ ರ‍್ಯಾಕ್ ಎತ್ತರ ಸರಿಯಿದೆಯಾ ಅಂತ ನೋಡುವುದು ಹೇಗೆ? ಟೋ (ಮುಂದಿನ ಎರಡು ಚಕ್ರ ಒಳಗೆ ಅಥವಾ ಹೊರಗೆ ತಿರುಗಿ ನಿಂತಿರುವ ಅಳತೆ) ಎಷ್ಟು ಇಡಬೇಕು?

ಗೌರಿಬಿದನೂರು_ಚಾಸಿ

ಚಕ್ರ ಮೇಲೆ ಕೆಳಗೆ ಹೋದಾಗ ತಾನಾಗಿ ತಿರುಗುತ್ತಾ ಅಂತ ನೋಡಬೇಕು. ಸಸ್ಪೆನ್ಷನ್ ಸ್ಪ್ರಿಂಗ್ ತೆಗೆದು, ಸ್ಟೇರಿಂಗ್ ನೇರಕ್ಕಿಟ್ಟು ಅಲ್ಲಾಡದ ಹಾಗೆ ಮಾಡಿ, ಹಬ್ಬಿಗೆ ಚಪ್ಪಟೆ ಪ್ಲೇಟ್ ಕಟ್ಟಿ. ಮುಂದೊಂದು ಹಿಂದೊಂದು ಡಯಲ್ ಗೇಜ್ ಹಚ್ಚಿ, ಚಕ್ರವನ್ನು 50 ಮಿ.ಮೀ. ಮೇಲಕ್ಕೂ 50 ಕೆಳಕ್ಕೂ 10 ಮಿ.ಮೀ. ಹೆಜ್ಜೆಯಲ್ಲಿ ಜ್ಯಾಕಿನಿಂದ ಸರಿಸುತ್ತ ಎರಡು ಗೇಜಿನ ವ್ಯತ್ಯಾಸ ಬರೆಯಿರಿ. ಮೇಲೆ ಹೋದಾಗ ಒಂದು ಕಡೆ, ಕೆಳಗೆ ಬಂದಾಗ ಎದುರು ಕಡೆ ತಿರುಗಿದರೆ ರ‍್ಯಾಕ್ ಅಥವಾ ಹೊರಗಿನ ಜಾಯಿಂಟಿನ ಎತ್ತರ ತಪ್ಪು, 1 ಮಿ.ಮೀ. ಶಿಮ್ ಹಾಕುತ್ತ ಸರಿಮಾಡಿ. ಎರಡೂ ಸಲ ಒಂದೇ ಕಡೆ ತಿರುಗಿದರೆ ಟೈ ರಾಡಿನ ಉದ್ದ ತಪ್ಪು, ಅಂದರೆ ಒಳಗಿನ ಜಾಯಿಂಟಿನ ಜಾಗವೇ ತಪ್ಪು. ಅದಕ್ಕೆ ಶಿಮ್ಮಲ್ಲಿ ಪರಿಹಾರ ಇಲ್ಲ. ಇದೇ ಹೊತ್ತಲ್ಲಿ ಪೂರ್ತಿ ಲಾಕಲ್ಲಿ ಪೂರ್ತಿ ಮೇಲೆತ್ತಿ, ರೋಸ್ ಜಾಯಿಂಟಿನ ಒಡಲು ಬೋಲ್ಟಿಗೆ ತಾಗುತ್ತಾ ನೋಡಿ. ತಾಗಿದರೆ ಅದು ಸನ್ನೆಗೋಲಿನ ಹಾಗೆ ಮುರಿಯುತ್ತೆ, ಕೋನ್ ಸ್ಪೇಸರ್ ಹಾಕಿ. ಹೊರಗಡೆ ಒಡಲಿಗಿಂತ ಅಗಲದ ವಾಷರ್ ಇರಲಿ, ಬಾಲ್ ಕಿತ್ತು ಬಂದರೂ ರಾಡ್ ಕಳಚುವುದಿಲ್ಲ. ಸಾಧ್ಯವಿದ್ದರೆ ಬೋಲ್ಟಿಗೆ ಎರಡೂ ಕಡೆ ಆಧಾರ ಕೊಡಿ.

ಟೋ ನಿಮ್ಮ ಟೈರಿಗೆ, ಟ್ರ್ಯಾಕಿಗೆ ತಕ್ಕಂತೆ. ಒಟ್ಟು 1 ಮಿ.ಮೀ. ಟೋ ಔಟಿನಿಂದ ಶುರು ಮಾಡಿ. 3/8ರ ಥ್ರೆಡ್ ಒಂದು ತುದಿ ಎಡ, ಒಂದು ತುದಿ ಬಲ ಇದ್ದರೆ ಟೈ ರಾಡ್ ಒಂದು ಸುತ್ತಿಗೆ 2.1 ಮಿ.ಮೀ. ಉದ್ದ ಬದಲಾಗುತ್ತೆ. 100 ಮಿ.ಮೀ. ಆರ್ಮ್, 13 ಇಂಚಿನ ರಿಮ್ಮಲ್ಲಿ ಅದು ಸುಮಾರು 7 ಮಿ.ಮೀ. ಟೋ. ಆರು ಮುಖದ ರಾಡಾದರೆ ಒಂದು ಮುಖ ತಿರುಗಿಸಿದರೆ 1.2 ಮಿ.ಮೀ. ಎರಡೂ ಕಡೆ ಸಮ ತಿರುಗಿಸಿ, ಇಲ್ಲದಿದ್ದರೆ ರ‍್ಯಾಕ್ ನಡು ತಪ್ಪುತ್ತೆ. ಪ್ರತಿ ನಟ್ಟಿಗೂ ಬಣ್ಣದ ಗೆರೆ ಎಳೆದು, ಮೊದಲ ಹತ್ತು ನಿಮಿಷ ಓಡಿಸಿದ ಮೇಲೆ ಗೆರೆ ಸರಿದಿದೆಯಾ ನೋಡಿ. ನೈಲಾಕ್ ನಟ್ ಒಮ್ಮೆ ಬಿಚ್ಚಿದರೆ ಹೊಸದು. ಬ್ರೇಕ್ ಡಿಸ್ಕಿನ ಬಿಸಿ ತಟ್ಟುವ ಕಡೆ ನೈಲಾನ್ ಮೆತ್ತಗಾಗುತ್ತೆ, ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ ಹಾಕಿ.